ಉಜ್ಜಿದ ಹಾಳೆ, ಉಜ್ಜದ ಹಾಳೆ

ಮಕ್ಕಳ ಆಟದ ಸಾಮಾನುಗಳಲ್ಲಿ ಬಳಸಿದಷ್ಟೂ ಬಾಳುವವು ಕೆಲವು, ಬಳಸಿದೊಡನೆ ಮುಗಿದುಹೋಗುವವು ಕೆಲವು. ಬುಗುರಿ, ಗೋಲಿ, ಚೆಂಡು ಮೊದಲನೆಯ ವರ್ಗಕ್ಕೆ ಸೇರಿದವು. ಪಟಾಕಿ, ಸುರುಸುರುಬತ್ತಿಗಳು ಎರಡನೆಯ ವರ್ಗಕ್ಕೆ ಸಲ್ಲತಕ್ಕವು. ಈ ಎರಡನೆಯ ವರ್ಗದಲ್ಲಿಯೇ ಎಣಿಸಬೇಕಾದ, ಆದರೆ ಕನ್ನಡ ಓದುಗರಿಗೆ ಅಷ್ಟಾಗಿ ಪರಿಚಯವಿಲ್ಲದ ವಸ್ತುವೊಂದು 1960 ಮತ್ತು 1970ರ ದಶಕಗಳಲ್ಲಿ ಇಂಗ್ಲೆಂಡಿನ ಮಕ್ಕಳ ಕೈಯಲ್ಲಿ ಹೇರಳವಾಗಿ ಆಡುತ್ತಿತ್ತು. ತೆಳುವಾದ ಪಾರದರ್ಶಕ ಹಾಳೆಯ ಮೇಲೆ ಅಚ್ಚಾದ ಸಣ್ಣ ಸಣ್ಣ ಬಣ್ಣದ ಆಕೃತಿಗಳನ್ನು ಹಿಂಬದಿಯಿಂದ ಪೆನ್ಸಿಲಿನ ಮೊಂಡು ತುದಿಯಿಂದ ಉಜ್ಜಿ, ಬೇರೊಂದು ಕಾಗದದ ಮೇಲೆ ಇಳಿಸುವ ಚಿತ್ರಗಳು ಅವು. ಇಂಗ್ಲಿಷಿನಲ್ಲಿ ಅವಕ್ಕೆ ‘ಟ್ರಾನ್ಸ್‌ಫರ್’ ಎಂದು ಹೆಸರು. ಕನ್ನಡದಲ್ಲಿ ‘ಉಜ್ಜುಚಿತ್ರ’ವೆಂದರೆ ಅರ್ಥಕ್ಕೆ ಕೊರತೆಯಾಗದು. ಸೈನಿಕರು, ಆಕಾಶಯಾನಿಗಳು, ಕಾಡುಮೃಗಗಳು ಮುಂತಾದ ಅನೇಕ ವಿಷಯಗಳ ನಡುವೆ ಆ ದೇಶದ ಜನರಿಗೆ ಪ್ರಾಣಪ್ರಿಯವಾದ ಫುಟ್‌ಬಾಲ್ ಆಟವೂ ಈ ಹಾಳೆಗಳಲ್ಲಿ ಒಂದು ವಿಷಯವಾಗಿತ್ತು.

ಅಂದು ಆ ಹಾಳೆಗಳನ್ನು ಉಜ್ಜಿದ ಬಾಲಕರು ಇಂದು ಅರವತ್ತರ ಆಸುಪಾಸಿನವರು. ಅವರಲ್ಲಿ ಕೆಲವರು ತಮ್ಮ ಬಾಲ್ಯದ ಆ ಹಾಳೆಗಳನ್ನು ಹುಡುಕಿ, ಕೊಂಡು, ಜೋಪಾನವಾಗಿ ಕೂಡಿಡುತ್ತಿದ್ದಾರೆ. ಇದರಲ್ಲಿ ಆಶ್ಚರ್ಯಪಡತಕ್ಕದ್ದೇನೂ ಇಲ್ಲ. ಕನ್ನಡ ನಾಡಿನ ಶಾಲಾಬಾಲಕರು ಬೆಂಕಿಪೊಟ್ಟಣದ ಚಿತ್ರಗಳನ್ನು ಕೂಡಿಡುತ್ತಿದ್ದುದು ಹಿರಿಯರೆಲ್ಲರಿಗೂ ತಿಳಿದೇ ಇದೆ. ಆದರೆ ಉಜ್ಜುಚಿತ್ರದ ಸಂಗ್ರಹದಲ್ಲಿ ಬೇರಾವ ಸಂಗ್ರಹದಲ್ಲಿಯೂ ಇಷ್ಟು ತೀಕ್ಷ್ಣವಾಗಿ ಕಾಣದ ಒಂದು ವಿರೋಧಾಭಾಸವಿದೆ. ಸಂಗ್ರಾಹಕನು ಅರಸುವುದು ಯಾವ ಮಗುವೂ ಮುಟ್ಟದ, ಯಾವ ಪೆನ್ಸಿಲೂ ಸೋಕದ ಹಾಳೆಯನ್ನು. ಹಾಗೆ ಉಳಿದ ಹಾಳೆ ಎಂದರೆ ತಾನು ಹುಟ್ಟಿದ ಕಾರ್ಯವನ್ನು ನೆರವೇರಿಸದೆ ಉಳಿದ ಹಾಳೆ. ಮಗುವಿನ ಕೈಗೆ ಸಿಕ್ಕಿ ಸಾರ್ಥಕವಾದ ಹಾಳೆಗೆ ಪೇಟೆಯಲ್ಲಿ ಬೆಲೆ ಕಡಿಮೆ. ಅಂಗಡಿಯ ಮೂಲೆಯಲ್ಲಿ ಮಾರಾಟವಾಗದೆ ಬಿದ್ದಿದ್ದ ಹಾಳೆಗೆ ಬೆಲೆ ಹೆಚ್ಚು. ಬಾಲ್ಯವನ್ನು ಕಾಪಾಡಬೇಕೆಂದು ಹೊರಟವರು ಬಾಲ್ಯದ ಸ್ಪರ್ಶವೇ ಇಲ್ಲದ ಪ್ರತಿಯನ್ನು ಉತ್ತಮವೆಂದು ನಿರ್ಣಯಿಸುವುದು ಎಷ್ಟರ ಮಟ್ಟಿಗೆ ಸರಿ ಎಂಬುದು ವಿಚಾರಾರ್ಹವಾದ ಪ್ರಶ್ನೆ. ಪ್ರಶ್ನೆ ಚಿಕ್ಕದಾಗಿ ಕಂಡರೂ, ಮಕ್ಕಳ ಕೃತಿಗಳಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಸುಡಬಹುದು ಎಂದು ನಿತ್ಯವೂ ತೀರ್ಮಾನಿಸುವ ಅಧ್ಯಾಪಕವರ್ಗಕ್ಕೆ ಇದು ಪರಕೀಯವಾದ ಪ್ರಶ್ನೆಯಲ್ಲ.

ಮೊದಲು ಈ ವಸ್ತುವಿನ ರಚನೆಯನ್ನು ಅರಿಯುವುದು ಆವಶ್ಯಕ. ಪಾರದರ್ಶಕವಾದ ಪ್ಲಾಸ್ಟಿಕ್ ಪೊರೆಯೊಂದರ ಮೇಲೆ ಚಿತ್ರವನ್ನು ಕನ್ನಡಿಯಲ್ಲಿ ಕಾಣುವಂತೆ ಎಡಬಲ ತಿರುವಿ ಅಚ್ಚು ಹಾಕುತ್ತಾರೆ. ಬಣ್ಣದ ಪದರುಗಳ ಮೇಲೆ, ಒತ್ತಿದಾಗ ಮಾತ್ರ ಅಂಟುವ ಗುಣವುಳ್ಳ ತೆಳುವಾದ ಅಂಟಿನ ಲೇಪವಿರುತ್ತದೆ. ಅದು ಅಕಾಲದಲ್ಲಿ ಎಲ್ಲಿಯೂ ಅಂಟದಿರಲೆಂದು ಜಾರುವ ಲೇಪವುಳ್ಳ ರಕ್ಷಾಕಾಗದವೊಂದನ್ನು ಅಡಿಯಲ್ಲಿ ಇಟ್ಟಿರುತ್ತಾರೆ. ಬಾಲಕನು ರಕ್ಷಾಕಾಗದವನ್ನು ತೆಗೆದು, ಪೊರೆಯನ್ನು ಹಿನ್ನೆಲೆಯ ಚಿತ್ರದ ಮೇಲಿಟ್ಟು ಉಜ್ಜಿದಾಗ ಪೊರೆಯು ಒತ್ತಡಕ್ಕೆ ಕಿಂಚಿತ್ ಹಿಗ್ಗುತ್ತದೆ; ಬಣ್ಣಕ್ಕೂ ಪೊರೆಗೂ ಇರುವ ಹಿಡಿತ ಸಡಿಲವಾಗುತ್ತದೆ; ಅಂಟಿಗೂ ಕೆಳಗಿನ ಕಾಗದಕ್ಕೂ ಹಿಡಿತ ಬಲವಾಗುತ್ತದೆ. ಆಗ ಚಿತ್ರವು ಒಂದು ಮನೆಯನ್ನು ಬಿಟ್ಟು ಇನ್ನೊಂದು ಮನೆಯನ್ನು ಸೇರುತ್ತದೆ. ಒಮ್ಮೆ ಇಳಿದ ಚಿತ್ರವನ್ನು ಮತ್ತೆ ಎತ್ತಲಾಗದು. ಉಜ್ಜುವಾಗ ಕೈ ಅಲುಗಿದರೆ ಆಟಗಾರನ ಕಾಲು ಪೊರೆಯಲ್ಲಿಯೇ ಉಳಿಯಬಹುದು. ಅವಸರಪಟ್ಟರೆ ತಲೆ ಬಿರುಕುಬಿಡಬಹುದು. ತಾಳ್ಮೆ, ಹದವಾದ ಒತ್ತಡ, ಮೊದಲೇ ಮಾಡಿಕೊಂಡ ಸ್ಥಳನಿಶ್ಚಯ, ಈ ಮೂರನ್ನೂ ಆ ಹಾಳೆ ಬಾಲಕನಿಂದ ಮೌನವಾಗಿ ಅಪೇಕ್ಷಿಸುತ್ತಿತ್ತು.

ಅಚ್ಚನ್ನು ಒಂದರಿಂದ ಇನ್ನೊಂದಕ್ಕೆ ಇಳಿಸುವ ವಿದ್ಯೆ ಹೊಸದಲ್ಲ. ಲಿವರ್‌ಪೂಲ್ ನಗರದಲ್ಲಿ ಜಾನ್ ಸ್ಯಾಡ್ಲರ್ ಮತ್ತು ಗೈ ಗ್ರೀನ್ ಎಂಬಿಬ್ಬರು 1756ರ ಜುಲೈ 27ರಂದು ಆರು ಗಂಟೆಗಳೊಳಗೆ 1,200ಕ್ಕೂ ಹೆಚ್ಚು ಮಣ್ಣಿನ ಬಿಲ್ಲೆಗಳ ಮೇಲೆ ಚಿತ್ರಗಳನ್ನು ಅಚ್ಚುಮಾಡಿದುದಾಗಿ ಪ್ರಮಾಣಪತ್ರವನ್ನೇ ಬರೆದುಕೊಟ್ಟರು. ಹತ್ತೊಂಬತ್ತನೆಯ ಶತಮಾನದಲ್ಲಿ ಗಾಜು, ಪಿಂಗಾಣಿ, ಮರದ ಸಾಮಾನುಗಳಿಗೆಲ್ಲ ಅಚ್ಚಿನ ಚಿತ್ರ ಇಳಿಸುವುದು ಯೂರೋಪಿನ ಮನೆಮನೆಯ ಹವ್ಯಾಸವಾಯಿತು. ಆ ಬಳಿಕ ಬಂದವು ನೀರಿನಲ್ಲಿ ನೆನೆಸಿ ಜಾರಿಸುವ ಚಿತ್ರಗಳು. ಇವನ್ನು ಮಕ್ಕಳು ಪುಸ್ತಕದ ಮೇಲೆ ಮಾತ್ರವಲ್ಲದೆ ತಮ್ಮ ತೋಳುಗಳ ಮೇಲೆಯೂ ಮೂಡಿಸಿಕೊಳ್ಳುತ್ತಿದ್ದರು.

ನೀರಿನ ಸಹಾಯವಿಲ್ಲದೆ ಒಣಗಿದ್ದಂತೆಯೇ ಇಳಿಯುವ ಅಚ್ಚನ್ನು ಲೋಕಪ್ರಸಿದ್ಧವಾಗಿಸಿದ ಕೀರ್ತಿ ಲೆಟ್ರಾಸೆಟ್ ಎಂಬ ಸಂಸ್ಥೆಗೆ ಸಲ್ಲುತ್ತದೆ. 1959ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಈ ಸಂಸ್ಥೆ ಮೊದಲು ನೀರಿನಿಂದ ಇಳಿಸುವ ಅಕ್ಷರಗಳನ್ನು ಮಾರಿ, 1961ರಲ್ಲಿ ಉಜ್ಜಿ ಇಳಿಸುವ ಅಕ್ಷರದ ಹಾಳೆಗಳನ್ನು ಹೊರತಂದಿತು. ಅದರ ಕಾರ್ಖಾನೆ ಕೆಂಟ್ ಪ್ರಾಂತದ ಆಶ್‌ಫರ್ಡ್ ಪಟ್ಟಣದಲ್ಲಿತ್ತು. ಜಾಹೀರಾತು ರಚಿಸುವವರು, ನಕ್ಷೆ ಬರೆಯುವವರು, ಪುಸ್ತಕದ ಹೊದಿಕೆ ಸಿದ್ಧಪಡಿಸುವವರು ಒಂದೊಂದೇ ಅಕ್ಷರವನ್ನು ಉಜ್ಜಿ ಶೀರ್ಷಿಕೆಗಳನ್ನು ಕಟ್ಟುತ್ತಿದ್ದರು. 1984ರಲ್ಲಿ ಮೆಕಿಂಟಾಷ್ ಗಣಕಯಂತ್ರ, 1985ರಲ್ಲಿ ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ಸಾಧನ ಬಂದ ಮೇಲೆ ಆ ಅಕ್ಷರದ ಹಾಳೆಗಳ ವೈಭವ ಇಳಿಮುಖವಾಯಿತು. ಆದರೆ ಅದಕ್ಕೆ ಮೊದಲೇ, 1960ರ ದಶಕದಲ್ಲಿಯೇ, ಇದೇ ತಂತ್ರವನ್ನು ಮಕ್ಕಳ ಚಿತ್ರಗಳಿಗೆ ಅನ್ವಯಿಸಲಾಗಿತ್ತು. ದೊಡ್ಡವರ ಕಾರ್ಯಾಲಯದ ಉಪಕರಣವೊಂದು ಮಕ್ಕಳ ಆಟಿಕೆಯಾಗಿ ಪರಿಣಮಿಸಿದುದು ಹೀಗೆ.

ಫುಟ್‌ಬಾಲಿನ ಉಜ್ಜುಚಿತ್ರಕ್ಕೆ ಅಂದಿನ ಬಾಲಕರು ಮನಸೋತುದಕ್ಕೆ ಕಾಲಧರ್ಮವೂ ಒಂದು ಕಾರಣ. 1966ರ ಜುಲೈ 30ರಂದು ವೆಂಬ್ಲಿ ಕ್ರೀಡಾಂಗಣದಲ್ಲಿ ಇಂಗ್ಲೆಂಡ್ ತಂಡವು ಪಶ್ಚಿಮ ಜರ್ಮನಿಯನ್ನು 4-2ರಿಂದ ಸೋಲಿಸಿ ವಿಶ್ವಕಪ್ ಗೆದ್ದಿತು. ಅಂದು ಇಂಗ್ಲೆಂಡಿನ ಆಟಗಾರರು ಕೆಂಪು ಅಂಗಿ ತೊಟ್ಟಿದ್ದರು. ಆದರೆ ಮನೆಯಲ್ಲಿ ದೂರದರ್ಶನದ ಮುಂದೆ ಕುಳಿತ ಬಾಲಕನಿಗೆ ಆ ಕೆಂಪು ಬೂದುಬಣ್ಣವಾಗಿ ಮಾತ್ರ ಕಾಣುತ್ತಿತ್ತು. ಬ್ರಿಟನ್ನಿನಲ್ಲಿ ಬಣ್ಣದ ಪ್ರಸಾರ ಆರಂಭವಾದುದು 1967ರ ಜುಲೈ 1ರಂದು ಬಿಬಿಸಿಯ ಎರಡನೆಯ ವಾಹಿನಿಯಲ್ಲಿ. ಉಳಿದ ಎರಡು ವಾಹಿನಿಗಳಿಗೆ ಅದು ಬಂದುದು 1969ರ ನವೆಂಬರ್ 15ರಂದು. 1970ರಲ್ಲಿ ಮೆಕ್ಸಿಕೋದ ವಿಶ್ವಕಪ್ ಬಣ್ಣದಲ್ಲಿ ಬಿತ್ತರವಾದಾಗಲೂ ಆ ದೇಶದ ಬಹುಪಾಲು ಮನೆಗಳಲ್ಲಿ ಇದ್ದುದು ಕಪ್ಪುಬಿಳುಪಿನ ಪೆಟ್ಟಿಗೆಯೇ. ಇಂಥ ಸಂದರ್ಭದಲ್ಲಿ ಹಚ್ಚಹಸುರಾದ ಮೈದಾನ, ಕೆಂಪು ನೀಲಿ ಹಳದಿಯ ಅಂಗಿಗಳು ಅಂಗೈಯಗಲದ ಹಾಳೆಯಲ್ಲಿ ದೊರೆತರೆ ಅದರ ಆಕರ್ಷಣೆ ಎಷ್ಟಿದ್ದಿರಬೇಕೆಂಬುದನ್ನು ಊಹಿಸಬಹುದು. ಪೆಟ್ಟಿಗೆ ಕೊಡದ ಬಣ್ಣವನ್ನು ಕಾಗದ ಕೊಟ್ಟಿತು.

ಈ ಕಾಲದ ಇತರ ಫುಟ್‌ಬಾಲ್ ಸಂಗ್ರಹಗಳೊಡನೆ ಹೋಲಿಸಿದಾಗ ಉಜ್ಜುಚಿತ್ರದ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಸಿಗರೇಟು ಪೊಟ್ಟಣಗಳು ಮುದುಡದಿರಲೆಂದು ಒಳಗಿಡುತ್ತಿದ್ದ ರಟ್ಟಿನ ತುಂಡಿನ ಮೇಲೆ ಚಿತ್ರ ಅಚ್ಚುಮಾಡುವ ಪದ್ಧತಿ ಹತ್ತೊಂಬತ್ತನೆಯ ಶತಮಾನದ್ದು. ಆ ಚಿತ್ರಗಳಲ್ಲಿ ಫುಟ್‌ಬಾಲ್ ಆಟಗಾರರೂ ಇದ್ದರು. ಎರಡನೆಯ ಮಹಾಯುದ್ಧದ ಕಾಗದದ ಅಭಾವದಿಂದ 1940ರಲ್ಲಿ ಬ್ರಿಟನ್ನಿನಲ್ಲಿ ಅವು ನಿಂತುಹೋದವು. ಇಟಲಿಯ ಮೊದೆನಾ ನಗರದ ಪಾನಿನಿ ಸಹೋದರರು 1961ರಲ್ಲಿ ತಮ್ಮ ದೇಶದ ಆಟಗಾರರ ಚಿತ್ರಸಂಪುಟವನ್ನೂ, 1970ರಲ್ಲಿ ಮೆಕ್ಸಿಕೋ ವಿಶ್ವಕಪ್ಪಿನ ಚಿತ್ರಸಂಪುಟವನ್ನೂ ಹೊರತಂದರು. ‘ಪಾನಿನಿ’ ಎಂಬ ಹೆಸರನ್ನು ಕೇಳಿ ಅಷ್ಟಾಧ್ಯಾಯಿಯ ಕರ್ತೃವನ್ನು ನೆನೆಯುವ ಕನ್ನಡಿಗರಿಗೆ ಇವರು ಬೇರೆಯೇ ಸೂತ್ರಕಾರರು! ಅವರ ಸಂಪುಟದ ಸೂತ್ರವಾದರೂ ಅಷ್ಟೇ ಕಟ್ಟುನಿಟ್ಟಾದುದು: ಪ್ರತಿ ಆಟಗಾರನಿಗೂ ಒಂದು ಸಂಖ್ಯೆ, ಆ ಸಂಖ್ಯೆಗೆ ಒಂದು ಚೌಕ, ಆ ಚೌಕದಲ್ಲಿ ಆ ಚಿತ್ರವನ್ನಲ್ಲದೆ ಬೇರೊಂದನ್ನು ಅಂಟಿಸುವಂತಿಲ್ಲ. ಸಂಪುಟವನ್ನು ತುಂಬಿದ ಬಾಲಕರೆಲ್ಲರ ಸಂಪುಟವೂ ಕೊನೆಗೆ ಒಂದೇ ರೀತಿ ಇರುತ್ತದೆ.

ಉಜ್ಜುಚಿತ್ರದ ರೀತಿ ಇದಕ್ಕೆ ತದ್ವಿರುದ್ಧ. ಅಲ್ಲಿ ಕೊಡುವುದು ಖಾಲಿಯಾದ ಮೈದಾನ ಮತ್ತು ಬಿಡಿಬಿಡಿಯಾದ ಆಕೃತಿಗಳು. ಓಡುವವನು, ಒದೆಯುವವನು, ಬಿದ್ದವನು, ಹಾರಿ ಚೆಂಡು ಹಿಡಿಯುವ ಗೋಲುರಕ್ಷಕ, ಸೀಟಿ ಊದುವ ತೀರ್ಪುಗಾರ, ಹೀಗೆ ಬಿಡಿ ಪದಗಳಂತೆ ಹರಡಿಕೊಂಡಿರುವ ಆಕೃತಿಗಳನ್ನು ಕೂಡಿಸಿ ವಾಕ್ಯ ಮಾಡುವ ಹೊಣೆ ಬಾಲಕನದು. ಯಾರು ಎಲ್ಲಿ ನಿಲ್ಲಬೇಕು, ಚೆಂಡು ಯಾರ ಕಾಲಬಳಿ ಇರಬೇಕು, ಗೋಲು ಆಯಿತೋ ತಪ್ಪಿತೋ ಎಂಬುದನ್ನು ಅವನೇ ನಿಶ್ಚಯಿಸಬೇಕು. ಒಂದೇ ಹಾಳೆಯನ್ನು ಕೊಂಡ ಹತ್ತು ಬಾಲಕರಿಂದ ಹತ್ತು ಪಂದ್ಯಗಳು ಹುಟ್ಟುತ್ತಿದ್ದವು. ಸಂಪುಟವು ಪೂರ್ಣತೆಯನ್ನು ಬೇಡಿದರೆ ಉಜ್ಜುಚಿತ್ರವು ರಚನೆಯನ್ನು ಬೇಡಿತು. ಮೊದಲನೆಯದು ಕೋಶದ ಕ್ರಮ, ಎರಡನೆಯದು ಕಾವ್ಯದ ಕ್ರಮ ಎಂದರೆ ಅತ್ಯುಕ್ತಿಯಾಗದು.

ಆದುದರಿಂದ ಉಜ್ಜದ ಹಾಳೆಯನ್ನೇ ಶ್ರೇಷ್ಠವೆನ್ನುವ ಸಂಗ್ರಾಹಕರ ಪಕ್ಷವನ್ನು ಪರೀಕ್ಷಿಸಬೇಕಾಗುತ್ತದೆ. ಆ ಪಕ್ಷದಲ್ಲಿ ಹುರುಳಿಲ್ಲವೆನ್ನುವಂತಿಲ್ಲ. ಚಿತ್ರಕಾರನು ಯಾವ ಆಕೃತಿಗಳನ್ನು ಎಷ್ಟು ರೂಪಿಸಿದನು, ಮುದ್ರಕನು ಎಷ್ಟು ಬಣ್ಣ ಬಳಸಿದನು, ಹಾಳೆಯಲ್ಲಿ ಅವನ್ನು ಹೇಗೆ ಜೋಡಿಸಿದ್ದನು ಎಂಬುದಕ್ಕೆ ಉಜ್ಜದ ಹಾಳೆಯೇ ಸಾಕ್ಷಿ. ಉಜ್ಜಿದ ಮೇಲೆ ಉಳಿಯುವ ಬರಿಯ ಪೊರೆಯಲ್ಲಿ ಆ ಸಾಕ್ಷ್ಯ ಅಳಿದುಹೋಗುತ್ತದೆ. ಹೊದಿಕೆಯ ಮೇಲಿನ ಬೆಲೆಯೂ ಕಾಲನಿರ್ಣಯಕ್ಕೆ ಸಹಾಯಕ. ಬ್ರಿಟನ್ 1971ರ ಫೆಬ್ರವರಿ 15ರಂದು ದಶಮಾಂಶ ನಾಣ್ಯಪದ್ಧತಿಯನ್ನು ಅಂಗೀಕರಿಸಿತು. ಶಿಲಿಂಗು ಮತ್ತು ಹಳೆಯ ಪೆನ್ನಿಗಳಲ್ಲಿ ಮಾತ್ರ ಬೆಲೆ ಅಚ್ಚಾಗಿದ್ದರೆ ಆ ಹಾಳೆ ಅದಕ್ಕೆ ಹಿಂದಿನದೆಂದು ಊಹಿಸಬಹುದು. ಇಂಥ ವಿವರಗಳಿರುವ ಹೊದಿಕೆಯನ್ನು ಮಕ್ಕಳು ಸಾಮಾನ್ಯವಾಗಿ ಹರಿದು ಎಸೆಯುತ್ತಿದ್ದರು. ಮೂಲಪಾಠವನ್ನು ಅರಿಯಬೇಕಾದರೆ ಮೂಲಪ್ರತಿ ಬೇಕೆಂಬುದು ಗ್ರಂಥಸಂಪಾದನೆಯ ಪ್ರಥಮ ಪಾಠ. ಅದನ್ನು ಇಲ್ಲಿ ಅಲ್ಲಗಳೆಯುವ ಕಾರಣವಿಲ್ಲ.

ಆದರೆ ಆಕ್ಷೇಪವಿರುವುದು ಉಜ್ಜದ ಹಾಳೆಯನ್ನು ಉಳಿಸುವುದರ ಬಗೆಗಲ್ಲ, ಉಜ್ಜಿದ ಹಾಳೆಯನ್ನು ಕಸವೆಂದು ಎಣಿಸುವುದರ ಬಗೆಗೆ. ಈ ವಿಷಯದಲ್ಲಿ ಅಂಚೆಚೀಟಿಯ ಸಂಗ್ರಹದಿಂದ ಕಲಿಯಬೇಕಾದುದು ಬಹಳವಿದೆ. 1840ರ ಮೇ ತಿಂಗಳಲ್ಲಿ ಮೊದಲ ಅಂಚೆಚೀಟಿ ಚಲಾವಣೆಗೆ ಬಂದಂದಿನಿಂದ ಸಂಗ್ರಾಹಕರು ಮುದ್ರೆ ಬೀಳದ ಚೀಟಿ, ಮುದ್ರೆ ಬಿದ್ದ ಚೀಟಿ ಎಂಬ ಭೇದವನ್ನು ಬಲ್ಲರು. ಕಾಲಕ್ರಮದಲ್ಲಿ ಅವರಲ್ಲಿ ಪ್ರಾಜ್ಞರಾದವರು ಮುದ್ರೆ ಬಿದ್ದ ಚೀಟಿಯನ್ನು, ಅದು ಅಂಟಿದ ಲಕೋಟೆಯ ಸಮೇತ, ಹೆಚ್ಚಿನ ಆಸ್ಥೆಯಿಂದ ಕಾಣತೊಡಗಿದರು. ಯಾವ ಊರಿನಿಂದ ಯಾವ ದಿನ ಹೊರಟಿತು, ಯಾವ ಹಡಗಿನಲ್ಲಿ ಹೋಯಿತು, ಎಷ್ಟು ದಿನಕ್ಕೆ ತಲುಪಿತು ಎಂಬುದನ್ನು ಹೇಳಬಲ್ಲುದು ಬಳಸಿದ ಚೀಟಿಯೇ ಹೊರತು ಬಳಸದ ಚೀಟಿಯಲ್ಲ. ಅಂಚೆಯ ಚರಿತ್ರೆ ಎಂಬ ಶಾಸ್ತ್ರವೇ ಆ ಕಪ್ಪು ಮುದ್ರೆಗಳ ಮೇಲೆ ನಿಂತಿದೆ. 1856ರಲ್ಲಿ ಪ್ಲಿಮತ್ ಪಟ್ಟಣದಲ್ಲಿ ಹುಟ್ಟಿ ಅಂಚೆಚೀಟಿಯ ವ್ಯಾಪಾರದಲ್ಲಿ ಜಗತ್ಪ್ರಸಿದ್ಧವಾದ ಸ್ಟ್ಯಾನ್ಲಿ ಗಿಬನ್ಸ್ ಸಂಸ್ಥೆಯನ್ನು 1979ರಲ್ಲಿ ಕೊಂಡುಕೊಂಡುದು ಇದೇ ಲೆಟ್ರಾಸೆಟ್ ಎಂಬುದು ಕುತೂಹಲಕರವಾದ ಸಂಗತಿ. ಉಜ್ಜುವ ಹಾಳೆಯನ್ನು ಮಾಡಿದವರೂ ಚೀಟಿಯನ್ನು ಮಾರಿದವರೂ ಕೆಲಕಾಲ ಒಂದೇ ಸೂರಿನಡಿ ಇದ್ದರು. ಆದರೆ ಚೀಟಿಯ ಸಂಗ್ರಾಹಕರಿಗೆ ಬಂದ ವಿವೇಕ ಹಾಳೆಯ ಸಂಗ್ರಾಹಕರಿಗೆ ಇನ್ನೂ ಪೂರ್ಣವಾಗಿ ಬಂದಂತಿಲ್ಲ.

ಉಜ್ಜಿದ ಹಾಳೆಯಲ್ಲಿ ಓದತಕ್ಕದ್ದು ಏನಿದೆ ಎಂದು ಕೇಳಬಹುದು. ಗೋಲುರಕ್ಷಕನೊಬ್ಬನು ಕಂಬದ ಮೇಲೆ ನಿಂತಿದ್ದರೆ ಬಾಲಕನ ಕೈ ತಪ್ಪಿರಬಹುದು, ಇಲ್ಲವೆ ಅವನು ಹಾಸ್ಯಪ್ರಿಯನಾಗಿರಬಹುದು. ಹನ್ನೊಂದು ಮಂದಿಯೂ ಚೆಂಡಿನ ಸುತ್ತ ಮುತ್ತಿಕೊಂಡಿದ್ದರೆ, ಓಣಿಯಲ್ಲಿ ಆಡುವ ಚಿಕ್ಕ ಮಕ್ಕಳು ಫುಟ್‌ಬಾಲನ್ನು ಹೇಗೆ ಆಡುತ್ತಾರೆ ಎಂಬುದರ ಯಥಾರ್ಥ ಚಿತ್ರ ಅದು. ಒಂದು ತಂಡದವರು ನೀಟಾಗಿ ನಿಂತು, ಎದುರುತಂಡದವರೆಲ್ಲ ಬಿದ್ದಿದ್ದರೆ ಆ ಬಾಲಕನ ಪಕ್ಷಪಾತ ತಾನೇ ಪ್ರಕಟವಾಗುತ್ತದೆ. ಅರ್ಧಮುರಿದ ಕಾಲನ್ನು ಪೆನ್ಸಿಲಿನಿಂದ ಎಳೆದು ಪೂರ್ತಿಮಾಡಿದ್ದರೆ, ಸೋತಲ್ಲಿ ಎದ್ದು ನಿಲ್ಲುವ ಸ್ವಭಾವ ಅಲ್ಲಿ ಕಾಣುತ್ತದೆ. ಆಟಗಾರನ ಬಳಿ ಸೊಟ್ಟ ಅಕ್ಷರಗಳಲ್ಲಿ ತನ್ನ ಹೆಸರನ್ನೇ ಬರೆದುಕೊಂಡಿದ್ದರೆ ಅದಕ್ಕೆ ವ್ಯಾಖ್ಯಾನವೇ ಬೇಕಿಲ್ಲ. ಇವಾವುವೂ ಮುದ್ರಕನಿಗೆ ತಿಳಿದಿರಲಿಲ್ಲ. ಇವು ಬಾಲಕನ ಕೊಡುಗೆ.

ಓಲೆಗರಿಯ ಪರಿಚಯವುಳ್ಳವರಿಗೆ ಈ ಮಾತು ಇನ್ನೂ ಸುಲಭವಾಗಿ ತಿಳಿಯುತ್ತದೆ. ಕಂಠದಿಂದ ಕೊರೆದ ಅಕ್ಷರ ಗರಿಯ ಮೇಲೆ ಸರಿಯಾಗಿ ಕಾಣುವುದಿಲ್ಲ. ಮಸಿಯನ್ನು ಬಳಿದು ಉಜ್ಜಿದ ಮೇಲೆಯೇ ಅದು ಕಣ್ಣಿಗೆ ಮೂಡುತ್ತದೆ. ಹಾಗೆ ಉಜ್ಜಿ ಉಜ್ಜಿ ಓದಿದ ಗರಿಗಳಲ್ಲಿ ಲಿಪಿಕಾರನ ಸ್ಖಾಲಿತ್ಯಗಳುಂಟು, ಓದಿದವರ ಗುರುತುಗಳುಂಟು, ದೀಪದ ಎಣ್ಣೆಯ ಕಲೆಗಳುಂಟು. ಗ್ರಂಥಸಂಪಾದಕನು ಅವನ್ನು ಹಳಿಯುವುದಿಲ್ಲ. ಎರಡು ಪ್ರತಿಗಳಲ್ಲಿ ಒಂದೇ ತಪ್ಪು ಕಂಡುಬಂದರೆ ಅವೆರಡೂ ಒಂದೇ ಮಾತೃಕೆಯಿಂದ ಹುಟ್ಟಿರಬಹುದೆಂದು ಅವನು ಗ್ರಹಿಸುತ್ತಾನೆ; ಅಂಚಿನ ಟಿಪ್ಪಣಿಯಿಂದ ಆ ಗ್ರಂಥವನ್ನು ಯಾರು ಯಾವ ಆಸಕ್ತಿಯಿಂದ ಓದಿದರೆಂದು ತಿಳಿಯುತ್ತಾನೆ. ಯಾರೂ ಬಿಚ್ಚದ ಕಟ್ಟು ಅಂದವಾಗಿರಬಹುದು. ಆದರೆ ಅದು ಓದುಗನೊಬ್ಬನು ಇದ್ದನೆಂದು ಹೇಳಲಾರದು. ಉಜ್ಜುಚಿತ್ರದ ಹಾಳೆಯೂ ಹಾಗೆಯೇ. ಕೈ ತಪ್ಪಿದ ಕಡೆಯಲ್ಲಿಯೇ ಕೈ ಇತ್ತೆಂಬುದಕ್ಕೆ ಪ್ರಮಾಣ ದೊರೆಯುವುದು.

ಬೆಲೆಯೇ ಮೌಲ್ಯಕ್ಕೆ ಅಳತೆಯೆನ್ನುವವರು 1966ರ ಇನ್ನೊಂದು ಪ್ರಸಂಗವನ್ನು ನೆನೆಯಬಹುದು. ವಿಶ್ವಕಪ್ ಪಂದ್ಯಾವಳಿಗೆ ಮೊದಲು ಜೂಲ್ಸ್ ರಿಮೆ ಪಾರಿತೋಷಕವನ್ನು ಲಂಡನ್ನಿನ ವೆಸ್ಟ್‌ಮಿನ್‌ಸ್ಟರ್ ಸೆಂಟ್ರಲ್ ಹಾಲಿನಲ್ಲಿ ಪ್ರದರ್ಶನಕ್ಕಿಟ್ಟಿದ್ದರು. ಅದು ಅಂಚೆಚೀಟಿಗಳ ಪ್ರದರ್ಶನ. ಮಾರ್ಚ್ 20ರಂದು ಅಲ್ಲಿಂದ ಕಳವಾದುದು ಪಾರಿತೋಷಕ. ಅಂದಿನ ವರದಿಗಳಂತೆ ಅದರ ವಿಮೆ 30,000 ಪೌಂಡುಗಳಾಗಿದ್ದರೆ, ಅದೇ ಪ್ರದರ್ಶನದ ಚೀಟಿಗಳ ಬೆಲೆ 30 ಲಕ್ಷ ಪೌಂಡುಗಳು. ಕಳ್ಳನು ಚೀಟಿಗಳನ್ನು ಮುಟ್ಟಿರಲಿಲ್ಲ. ಏಳು ದಿನಗಳ ಬಳಿಕ ಪಿಕಲ್ಸ್ ಎಂಬ ನಾಯಿ ದಕ್ಷಿಣ ಲಂಡನ್ನಿನ ಪೊದೆಯೊಂದರ ಬುಡದಲ್ಲಿ ವೃತ್ತಪತ್ರಿಕೆಯಲ್ಲಿ ಸುತ್ತಿದ್ದ ಆ ಪಾರಿತೋಷಕವನ್ನು ಮೂಸಿ ಪತ್ತೆಮಾಡಿತು. ಇಡೀ ದೇಶ ಆ ವಾರವೆಲ್ಲ ಕಳವಳಪಟ್ಟದ್ದು ಲೋಹದ ತೂಕಕ್ಕಾಗಿ ಅಲ್ಲ. ಆ ಪಾರಿತೋಷಕವನ್ನು ಎತ್ತಿಹಿಡಿದ ಕೈಗಳಿಗಾಗಿ, ಎತ್ತಿಹಿಡಿಯಲಿರುವ ಕೈಗಳಿಗಾಗಿ. ಯಾವ ತಂಡವೂ ಗೆಲ್ಲದೆ ಭದ್ರಕೋಶದಲ್ಲಿಯೇ ಉಳಿದ ಪಾರಿತೋಷಕಕ್ಕೆ ಆ ಗೌರವ ಎಲ್ಲಿಂದ ಬಂದೀತು?

ಧನಕ್ಕೆ ದಾನ, ಭೋಗ, ನಾಶವೆಂಬ ಮೂರೇ ಗತಿಗಳೆಂದು ನೀತಿಕಾರರು ನಿರ್ಣಯಿಸಿರುವುದು ಸರ್ವವಿದಿತ. ಉಜ್ಜುಚಿತ್ರದ ಹಾಳೆಗೂ ಇವೇ ಮೂರು ಗತಿಗಳು. ಅದನ್ನು ಮಗುವಿಗೆ ಕೊಡಬಹುದು, ಮಗು ಉಜ್ಜಬಹುದು. ಎರಡೂ ಆಗದಿದ್ದರೆ ಅದು ಅಳಿಯುತ್ತದೆ. ಇದು ಉಪಮೆಯ ಮಾತಲ್ಲ. ದಶಕಗಳು ಕಳೆದಂತೆ ಅಂಟು ಒಣಗುತ್ತದೆ, ಬಣ್ಣದ ಪದರು ಬಿರುಸಾಗಿ ಬಿರುಕುಬಿಡುತ್ತದೆ. ಸೆಖೆ ಹೆಚ್ಚಾದರೆ ಚಿತ್ರವು ರಕ್ಷಾಕಾಗದಕ್ಕೇ ಅಂಟಿಕೊಂಡುಬಿಡುತ್ತದೆ. ಅರವತ್ತು ವರ್ಷ ಕಾಪಾಡಿದ ಹಾಳೆಯನ್ನು ಒಂದು ದಿನ ಉಜ್ಜಿ ನೋಡಿದರೆ ಆಟಗಾರನು ಚೂರುಚೂರಾಗಿ ಉದುರಬಹುದು. ಹಾಗೆ ನೋಡಿದರೆ ಅಂದು ಬಾಲಕನು ಉಜ್ಜಿ ಇಳಿಸಿದ ಚಿತ್ರವು ಗಟ್ಟಿಯಾದ ಕಾಗದವನ್ನು ಆಶ್ರಯಿಸಿ ಸುಭದ್ರವಾಗಿರುವ ಸಂಭವವೇ ಹೆಚ್ಚು. ಬಳಕೆಯೇ ಕೆಲವು ವೇಳೆ ರಕ್ಷಣೆಯೂ ಆಗುತ್ತದೆ.

ಇಂದು ಅಂತರಜಾಲದ ಸೌಕರ್ಯ ಬಂದ ಮೇಲೆ ಹಲವು ಸಂಗ್ರಾಹಕರು ತಮ್ಮಲ್ಲಿರುವ ಹಾಳೆಗಳ ಪ್ರತಿಬಿಂಬಗಳನ್ನು ತೆಗೆದು ಎಲ್ಲರಿಗೂ ದೊರೆಯುವಂತೆ ಇಟ್ಟಿರುವುದು ಶ್ಲಾಘನೀಯ. ಇದರಿಂದ ಮುದ್ರಣದ ಚರಿತ್ರೆ ಉಳಿಯಿತು. ಒಂದು ಹಾಳೆ ನಾಶವಾದರೂ ಅದರ ರೂಪ ನಾಶವಾಗದು. ಆದರೆ ಇದರಿಂದಲೇ ಇನ್ನೊಂದು ನಿರ್ಣಯವೂ ಫಲಿಸುತ್ತದೆ. ಒಂದೇ ಮುದ್ರಣದ ಉಜ್ಜದ ಹಾಳೆಗಳೆಲ್ಲವೂ ಸರಿಸುಮಾರು ಒಂದೇ ರೂಪದವು. ಒಂದರ ಪ್ರತಿಬಿಂಬವಿದ್ದರೆ ಅದರ ರೂಪವನ್ನು ಅರಿಯಲು ಸಾಕು. ಉಜ್ಜಿದ ಹಾಳೆಯಾದರೋ ಜಗತ್ತಿನಲ್ಲಿ ಅದೊಂದೇ. ಅದರಂಥ ಇನ್ನೊಂದನ್ನು ಯಾರೂ ಮಾಡಿಲ್ಲ, ಮಾಡಲಾರರು. ದುರ್ಲಭವಾದುದಕ್ಕೆ ಬೆಲೆ ಹೆಚ್ಚೆಂಬ ವ್ಯಾಪಾರದ ನ್ಯಾಯವನ್ನೇ ಹಿಡಿದು ಹೊರಟರೂ ಉಜ್ಜಿದ ಹಾಳೆಗೆ ಮೊದಲ ಪೀಠ ಸಲ್ಲಬೇಕಾಗುತ್ತದೆ.

ಬ್ರಿಟನ್ನಿನಲ್ಲಿ ವಿದ್ವಜ್ಜನರ ದೃಷ್ಟಿಯೂ ಇತ್ತ ತಿರುಗುತ್ತಿದೆ ಎನ್ನಲು ಆಧಾರಗಳಿವೆ. ಟಿಕೆಟು, ಕರಪತ್ರ, ಪೊಟ್ಟಣದ ಹೊದಿಕೆ ಮೊದಲಾದ ಕ್ಷಣಿಕ ಮುದ್ರಣಗಳ ಅಧ್ಯಯನಕ್ಕೆಂದೇ 1975ರಲ್ಲಿ ಅಲ್ಲಿ ಎಫೆಮೆರಾ ಸೊಸೈಟಿ ಸ್ಥಾಪಿತವಾಯಿತು; 1993ರಲ್ಲಿ ರೆಡಿಂಗ್ ವಿಶ್ವವಿದ್ಯಾನಿಲಯದಲ್ಲಿ ಅದಕ್ಕಾಗಿ ಒಂದು ಅಧ್ಯಯನಕೇಂದ್ರ ತೆರೆಯಿತು. ಲಂಡನ್ನಿನ ಬೆತ್ನಲ್ ಗ್ರೀನ್‌ನಲ್ಲಿದ್ದ ಬಾಲ್ಯದ ವಸ್ತುಸಂಗ್ರಹಾಲಯವು 2023ರ ಜುಲೈನಲ್ಲಿ ಹೊಸ ಹೆಸರಿನೊಡನೆ ಮತ್ತೆ ತೆರೆದಾಗ, ಮಕ್ಕಳು ಗಾಜಿನಾಚೆ ನಿಂತು ನೋಡಿಹೋಗುವುದಕ್ಕಿಂತ ಅಲ್ಲಿ ಆಡುವುದಕ್ಕೆ, ಮಾಡುವುದಕ್ಕೆ ಪ್ರಾಧಾನ್ಯ ಕೊಡಲಾಯಿತು. ಬಾಲ್ಯವೆಂಬುದು ವಸ್ತುಗಳ ರಾಶಿಯಲ್ಲ, ವಸ್ತುಗಳಿಂದ ಮಕ್ಕಳು ಮಾಡಿದ ವ್ಯವಹಾರ ಎಂಬ ತಿಳಿವಳಿಕೆ ಇದರ ಹಿಂದಿದೆ.

ಹಾಗಾದರೆ ಸಂಗ್ರಾಹಕನ ಕರ್ತವ್ಯವೇನು? ಒಂದೇ ಮುದ್ರಣದ ಎರಡು ಪ್ರತಿ ಲಭಿಸಿದರೆ ಉಜ್ಜದ ಒಂದನ್ನೂ ಉಜ್ಜಿದ ಒಂದನ್ನೂ ಜೊತೆಯಾಗಿ ಇಡುವುದು ಉಚಿತ. ಒಂದು ಮಾತು, ಇನ್ನೊಂದು ಅದರ ಅರ್ಥ. ಹೊದಿಕೆಯನ್ನು ಎಸೆಯಕೂಡದು. ಉಜ್ಜಿದ ಹಾಳೆಯಲ್ಲಿ ಎದ್ದ ಅಂಚುಗಳನ್ನು ಅಂಟಿಸಿ, ಸೊಟ್ಟಗಿದ್ದುದನ್ನು ನೆಟ್ಟಗೆ ಮಾಡುವ ದುಡುಕಿಗೆ ಕೈಹಾಕಕೂಡದು. ತಿದ್ದಿದ ಪಾಠ ಪಾಠವೇ ಅಲ್ಲ. ಬಿಸಿಮಾಡಿ ಪ್ಲಾಸ್ಟಿಕ್ ಹೊದಿಸುವುದಂತೂ ಸರ್ವಥಾ ವರ್ಜ್ಯ. ಮೆತ್ತಗಿನ ಪಿವಿಸಿ ಲಕೋಟೆಗಳಿಂದ ಒಸರುವ ದ್ರವ್ಯ ಅಚ್ಚನ್ನು ಕೆಡಿಸುವುದರಿಂದ ಪಾಲಿಯೆಸ್ಟರ್ ಲಕೋಟೆಗಳನ್ನೋ ಆಮ್ಲವಿಲ್ಲದ ಕಾಗದವನ್ನೋ ಬಳಸಬೇಕು. ತಂಪಾದ, ಒಣಗಿದ, ಬೆಳಕು ತಾಗದ ಜಾಗದಲ್ಲಿ ಮೇಲೆ ಭಾರವಿಡದೆ ಇರಿಸಬೇಕು. ಯಾರಿಂದ ಬಂತು, ಯಾವ ಊರಿನ ಮನೆಯಲ್ಲಿತ್ತು, ಉಜ್ಜಿದ ಮಗುವಿಗೆ ಆಗ ಎಷ್ಟು ವಯಸ್ಸು ಎಂಬುದನ್ನು ತಿಳಿದಿದ್ದಷ್ಟು ಬರೆದಿಡಬೇಕು. ಈ ಒಂದು ಸಾಲು ಇಲ್ಲದಿದ್ದರೆ ಎಂಥ ಅಪೂರ್ವ ಹಾಳೆಯೂ ಅಂಕಿತವಿಲ್ಲದ ಗ್ರಂಥದಂತೆ ಅನಾಥವಾಗುತ್ತದೆ.

ಈ ವಿಚಾರದಿಂದ ವಿದ್ಯಾಸಂಸ್ಥೆಗಳು ಗ್ರಹಿಸಬೇಕಾದ ಅಂಶವೂ ಒಂದಿದೆ. ಶಾಲೆಗಳಲ್ಲಿ ಉತ್ಸವ ಮುಗಿದ ಮೇಲೆ ಗಾಜಿನ ಬೀರು ಸೇರುವುದು ಸಾಮಾನ್ಯವಾಗಿ ಪ್ರಥಮ ಬಹುಮಾನ ಪಡೆದ ಚಿತ್ರ, ಅಧ್ಯಾಪಕರು ತಿದ್ದಿ ತೀಡಿದ ಹಸ್ತಪತ್ರಿಕೆ, ಅಂಚು ಮಡಿಯದ ಪುಸ್ತಕ. ದಾನಿಗಳು ಕೊಟ್ಟ ಬೆಲೆಬಾಳುವ ಉಪಕರಣಗಳು ಮಕ್ಕಳು ಮುಟ್ಟಿ ಕೆಡಿಸಿಯಾರೆಂಬ ಭಯದಿಂದ ಕೆಲವೆಡೆ ಬೀಗದೊಳಗೇ ಮುಪ್ಪಾಗುವುದುಂಟು. ಹಾಗೆ ಕಾಪಾಡಿದವರ ಉದ್ದೇಶ ಒಳ್ಳೆಯದೇ. ಆದರೆ ಫಲ ಮಾತ್ರ ಆ ಉಜ್ಜದ ಹಾಳೆಯ ಫಲವೇ. ಕೊಟ್ಟವನ ದಾನ ಸಾರ್ಥಕವಾಗುವುದು ವಸ್ತು ಹೊಚ್ಚಹೊಸದಾಗಿ ಉಳಿದಾಗ ಅಲ್ಲ, ಮಕ್ಕಳ ಕೈಯಲ್ಲಿ ಸವೆದಾಗ. ಐವತ್ತು ವರ್ಷಗಳ ತರುವಾಯ ಹಳೆಯ ವಿದ್ಯಾರ್ಥಿಯೊಬ್ಬನು ಬೀರುವಿನ ಮುಂದೆ ನಿಂತಾಗ ಅವನನ್ನು ಹಿಡಿದು ನಿಲ್ಲಿಸಬಲ್ಲುದು ಯಾರೂ ಮುಟ್ಟದ ನಕ್ಷೆಯಲ್ಲ. ತನ್ನ ಸಹಪಾಠಿಯೊಬ್ಬನು ಗೆರೆ ತಪ್ಪಿ ಬಣ್ಣ ತುಂಬಿದ ನಕ್ಷೆ.

ಆದುದರಿಂದ ಮಕ್ಕಳ ಕೃತಿಗಳನ್ನು ಆರಿಸಿ ಇಡುವವರು ಅಚ್ಚುಕಟ್ಟಿಗೆ ಕೊಡುವಷ್ಟೇ ಸ್ಥಾನವನ್ನು ಕೈಗುರುತಿಗೂ ಕೊಡಬೇಕು. ವರ್ಷಕ್ಕೆ ಹತ್ತು ಹಾಳೆಗಳನ್ನು ಉಳಿಸುವುದಾದರೆ, ಅವುಗಳಲ್ಲಿ ನಾಲ್ಕಾದರೂ ಬಹುಮಾನ ಬಾರದವುಗಳಾಗಿರಲಿ. ತಿದ್ದದೆ, ಹೆಸರು ವಯಸ್ಸು ದಿನಾಂಕಗಳೊಡನೆ ಇರಲಿ. ದೂರದ ಇಂಗ್ಲೆಂಡಿನ ಬಾಲಕನೊಬ್ಬನು ಮಳೆಯ ಸಂಜೆಯಲ್ಲಿ ಹಸುರು ಕಾಗದದ ಮೈದಾನದ ಮೇಲೆ ತನ್ನ ಹನ್ನೊಂದು ಮಂದಿಯನ್ನು ಸೊಟ್ಟಸೊಟ್ಟಗೆ ನಿಲ್ಲಿಸಿದಾಗ ಅವನು ಹಾಳೆಯನ್ನು ಹಾಳುಮಾಡಲಿಲ್ಲ, ಪೂರ್ತಿಮಾಡಿದನು. ಅದನ್ನು ಅರಿತು ಗೌರವಿಸುವ ಕಣ್ಣು ಸಂಗ್ರಾಹಕನಿಗೂ ಬೇಕು, ಅಧ್ಯಾಪಕನಿಗೂ ಬೇಕು.